ಬಾವುಟ ಹೊತ್ತ ಆನೆ

"ಇನ್ನೂರು ವರ್ಷ ಕೂತ ಕಪ್ಪು ಕಣೇ ಅದು! ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟೆಯಲ್ಲ, ನಿನ್ನ ಕೈ ಸೇದೋಗ!"

"ಕಿಲುಬು ಹಿಡಿದ ಕಾಸನ್ನ ಲಕ್ಷ್ಮಿ ಮುಂದೆ ಇಡ್ತಾರೇನ್ರೀ? ಅದೂ ಯಾರ ಕಾಸು? ನಿಮ್ಮ ತಾತಂದಿರ ಗಾದಿ ಕಿತ್ಕೊಂಡವರ ಕಾಸು! ಅದನ್ನ ಹತ್ತಿಯಲ್ಲಿ ಮಲಗಿಸಿ ಮುದ್ದು ಮಾಡೋ ಅರಸರನ್ನ ನಾನು ಬೇರೆಲ್ಲೂ ಕಾಣೆ."

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಮನೆಯಲ್ಲಿ ಚಲುವರಾಜ ಅರಸರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಎದುರಿಗೆ ಪೂಜೆಯ ತಟ್ಟೆ. ಅದರ ತುಂಬ ಅವರು ಜೀವಮಾನವೆಲ್ಲ ಕೂಡಿಟ್ಟ ಟಿಪ್ಪುವಿನ ಕಾಲದ ಆನೆ ಕಾಸುಗಳು, ಈಗಷ್ಟೇ ತೊಳೆದಿಟ್ಟ ಚೊಂಬಿನ ಹಾಗೆ ಥಳಥಳ ಹೊಳೆಯುತ್ತಿದ್ದವು. ಹೆಂಡತಿ ದೇವಾಜಮ್ಮಣ್ಣಿ ಸೆರಗಿಗೆ ಕೈ ಒರೆಸಿಕೊಂಡು ನಿಂತಿದ್ದರು. ತಪ್ಪು ಮಾಡಿದ ಮುಖವೇ ಅಲ್ಲ ಅದು.

ಅರಸರು ರಾಜಮನೆತನದ ದೂರದ ಕವಲು. ಆನೆಯಿಲ್ಲ, ಅಂಬಾರಿಯಿಲ್ಲ, ಕಾಸಿನ ಮೇಲಿನ ಆನೆಯೇ ಅವರ ದೌಲತ್ತು. ಕಾವೇರಿ ಇಳಿದಾಗ ಮರಳು ಕೆದಕಿ, ಊರೂರು ಅಲೆದು ಕೂಡಿಸಿದ್ದರು. ನೆಂಟರೆಲ್ಲ "ಕಾಸಿನ ಅರಸು" ಎಂದು ನಗುತ್ತಿದ್ದರು. ಈಗ ಸ್ವಾತಂತ್ರ್ಯದ ಐವತ್ತನೇ ವರ್ಷವೆಂದು ಪಾಂಡವಪುರದ ಶಾಲೆಯೊಂದು ಅವರ ಕಾಸುಗಳನ್ನು ಪ್ರದರ್ಶನಕ್ಕೆ ಕೇಳಿತ್ತು. ಸೋಮವಾರವೇ ಪ್ರದರ್ಶನ. ಕಾಸು ನೋಡಬೇಕೆಂದು ಯಾರಾದರೂ ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹಬ್ಬದ ಊಟಕ್ಕೆ ಕೆ.ಆರ್. ಪೇಟೆಯಿಂದ ನರಸಯ್ಯ ಬಂದ. ಹಳೇ ಪಾತ್ರೆ ವ್ಯಾಪಾರಿ. ಅರಸರಿಗೆ ಕಾಸು ಹುಡುಕಿ ತಂದುಕೊಡುವವನೂ ಅವನೇ. ತಟ್ಟೆ ಕಂಡದ್ದೇ ಬಾಗಿಲಲ್ಲೇ ನಿಂತುಬಿಟ್ಟ.

ಅರಸರ ಕೈ ಒಂದು ಕಾಸಿನ ಮೇಲೆ ತಡೆಯಿತು. ಬೆನ್ನಿನ ಹಿಂದೆ ಬಾವುಟವಿದ್ದ ದೊಡ್ಡ ಆನೆ. ಎಲ್ಲದಕ್ಕಿಂತ ಅವರ ಪ್ರೀತಿಯ ಕಾಸು. ಮಿಕ್ಕವೆಲ್ಲ ತಾಮ್ರದ ಕೆಂಪು. ಇದೊಂದೇ ಅರಿಶಿನದಂತೆ ಹಳದಿ.

"ನರಸಯ್ಯ, ಇದು ದೇವಲಾಪುರದ ಹಳೇ ಮನೆ ಗೋಡೇಲಿ ಸಿಕ್ತು ಅಂದಿದ್ದೆಯಲ್ಲ?"

"ಊಂ ಬುದ್ಧಿ. ಅದೂ... ಅವ್ವಾರು ಹುಣ್ಸೆಹಣ್ಣ ವಸಿ ಜಾಸ್ತಿ ಆಕ್ಬುಟ್ಟವ್ರೆ ಅಂತ ಕಾಣ್ತದೆ."

"ಹೌದಾ? ಹುಣಸೆಹಣ್ಣಿಗೆ ತಾಮ್ರ ಹಿತ್ತಾಳೆ ಆಗೋದಾದ್ರೆ ಕೂತ್ಕೊಳಪ್ಪ," ಎಂದರು ದೇವಾಜಮ್ಮಣ್ಣಿ. "ಇನ್ನೊಂದು ಸಲ ಉಜ್ಜಿ ಚಿನ್ನಾನೂ ಮಾಡ್ತೀನಿ."

ನರಸಯ್ಯ ಕಾಲಲ್ಲೇ ಚಪ್ಪಲಿ ತಡಕಿದ. ಅರಸರಿಗೆ ಬೆಂಕಿಯಂಥ ಸಿಟ್ಟು ಬಂತು. ಮಿಕ್ಕ ಕಾಸುಗಳನ್ನು ಒಂದೊಂದಾಗಿ ತಿರುಗಿಸಿದರು. ಎಲ್ಲವೂ ಕೆಂಪು. ತಾವೇ ಮರಳಲ್ಲಿ ಹೆಕ್ಕಿದ್ದು, ಅಜ್ಜಿಯರ ಸಂಚಿಯಿಂದ ಕಾಡಿ ಬೇಡಿ ಪಡೆದದ್ದು, ಎಲ್ಲವೂ ಅಪ್ಪಟ ತಾಮ್ರ. ಕಪ್ಪು ಮತ್ತೆ ಕೂರುತ್ತದೆ, ಅದಕ್ಕೇನವಸರ? ಎದೆ ಹಗುರಾಯಿತು. ಹಳದಿ ಆನೆಯನ್ನು ಬೆಳಕಿಗೆ ಹಿಡಿದರು. ಸೊಂಡಿಲು, ದಂತ, ಬಾವುಟದ ಮಡಿಕೆ, ಎಲ್ಲ ಎಷ್ಟು ಚೆಂದ!

"ನಿಜ ಹೇಳೋ. ಯಾರು ಎರಕ ಹೊಯ್ದದ್ದು?"

"ನಾನು ಬತ್ತೀನಿ ಬುದ್ಧಿ, ಬಸ್ಸೊಂಟೋಯ್ತದೆ."

"ಎಲೆ ಹಾಕಿದೆ, ಉಂಡು ಹೋಗು. ನಿನ್ನ ಮೇಲೆ ಕೋಪ ಇಲ್ಲ ಕಣೋ! ಸೋಮವಾರ ಇದನ್ನೂ ಇಡ್ತೀನಿ. ಕೆಳಗೆ ಬರೆಯೋಕೆ ಅವನ ಹೆಸರೊಂದು ಬೇಕು, ಅಷ್ಟೇ!"

ನರಸಯ್ಯ ಆಗಲೇ ಚಪ್ಪಲಿ ಮೆಟ್ಟಿದ್ದ. ಅರಸರು ಬೀದಿಯವರೆಗೂ ಬಂದು, "ಅರ್ಧ ಹೆಸರಾದರೂ ಹೇಳೋ!" ಎಂದು ನಗುತ್ತ ಕೂಗಿದರು. ಅವನು ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ದಾಪುಗಾಲು ಹಾಕಿದ. ಮತ್ತೆಂದೂ ಆ ಮನೆಯ ಹೊಸಿಲು ತುಳಿಯಲಿಲ್ಲ.