ಸೋಹಾರಿನ ಕೋಣೆಯ ಫ್ಯಾನು

ಶುಕ್ರವಾರ ಹನ್ನೊಂದರ ಸುಮಾರಿಗೆ, ಪುಣೆಯ ಬಿಬವೇವಾಡಿಯ ಕುಶಲ ಶೆಟ್ಟರ ಹೋಟೆಲಿನ ಅಡುಗೆಮನೆಯಲ್ಲಿ ಭುವನೇಶ್ವರಿ ಈರುಳ್ಳಿ ಹೆಚ್ಚುತ್ತಿದ್ದಾಗ, ಅವಳ ಗಂಡ ಮಹೇಶಕುಮಾರ ಒಮಾನ್ ದೇಶದ ಸೋಹಾರಿನಲ್ಲಿ ತನ್ನ ಕೋಣೆಯೊಳಗೆ ಬಿದ್ದ. ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಳು.

ಶುಕ್ರವಾರ ಅವನಿಗೆ ರಜೆ. ಅವತ್ತು ಬೆಳಿಗ್ಗೆಯೇ ವಿಡಿಯೋ ಕಾಲ್ ಹಚ್ಚಿದರೆ ಮಧ್ಯಾಹ್ನದವರೆಗೂ ಅದು ಹಾಗೇ ನಡೆಯುತ್ತಿತ್ತು. ಅವನು ಬಟ್ಟೆ ಒಗೆಯುತ್ತಿದ್ದ, ಗಡ್ಡ ಮಾಡಿಕೊಳ್ಳುತ್ತಿದ್ದ. ಇವಳು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಕೆಲಸ ಮಾಡುತ್ತಿದ್ದಳು. ಎಷ್ಟೋ ಹೊತ್ತು ಇಬ್ಬರಲ್ಲಿ ಒಂದು ಮಾತೂ ಇರುತ್ತಿರಲಿಲ್ಲ. ಮಾತಿಗೆ ದುಡ್ಡು ಬೀಳುವುದಿಲ್ಲ ಎಂದಮೇಲೆ ಸುಮ್ಮನಿರುವುದಕ್ಕೂ ಬೀಳುವುದಿಲ್ಲವಲ್ಲ. ಸೇಡಂ ಕಡೆಯ ಹಳ್ಳಿಯಿಂದ ಪುಣೆಗೆ ಗಾರೆ ಕೆಲಸಕ್ಕೆ ಬಂದ ದಂಪತಿ ಒಂದೇ ಮನೆಯಲ್ಲಿ ಇದ್ದದ್ದಕ್ಕಿಂತ ಹೀಗೆ ಇದ್ದದ್ದೇ ಹೆಚ್ಚು.

ಅವತ್ತು ಅವನು ನಸುಕಿನಿಂದಲೇ ತಲೆ ಸಿಡಿಯುತ್ತಿದೆ ಎಂದಿದ್ದ. ಕೋಣೆಯ ಜೊತೆಗಾರರೆಲ್ಲ ಸಂತೆಗೆ ಹೋಗಿದ್ದರು. ಎಡಗೈಯಲ್ಲಿ ಫೋನು ಹಿಡಿದೇ ಎದ್ದು ನೀರಿನ ಬಾಟಲಿಗೆ ಬಲಗೈ ಚಾಚಿದ. ಬಾಟಲಿ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಬೇರೆಯವರ ಕೈಯನ್ನು ನೋಡುವಂತೆ ತನ್ನ ಕೈಯನ್ನು ನೋಡಿದ.

“ಭುವನಾ, ಕೈ...” ಎಂದ.

ಚಿತ್ರ ಗಿರ್ರನೆ ತಿರುಗಿತು. ಧೊಪ್ಪನೆ ಸದ್ದಾಯಿತು. ಆಮೇಲೆ ಪರದೆಯ ಮೇಲೆ ಉಳಿದದ್ದು ಚಾವಣಿ ಮತ್ತು ತಿರುಗುವ ಫ್ಯಾನು.

ಅವಳು ಹೆಸರು ಹಿಡಿದು ಕೂಗಿದಳು. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಇಡ್ಲಿ ಹಿಟ್ಟಿನ ಗ್ರೈಂಡರಿನ ಸದ್ದಿನಲ್ಲಿ ಆ ಕಡೆಯದು ಏನೂ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಬಳಿಯಿದ್ದ ಕುಶಲ ಶೆಟ್ಟರು ಒಳಗೆ ಓಡಿ ಬಂದರು. ಹಿಂದೆಯೇ ಅವರ ಹೆಂಡತಿ ಲೀಲಾಕ್ಷಿ.

“ಅಣ್ಣಾರೆ, ನಮ್ಮನಿಯವರು ಬಿದ್ದಾರ್ರೀ. ಖೋಲ್ಯಾಗ ಯಾರೂ ಇಲ್ರೀ.”

ಶೆಟ್ಟರು ಗ್ರೈಂಡರ್ ನಿಲ್ಲಿಸಿದರು. ಹೊಗೆ ಎಳೆಯುವ ಫ್ಯಾನನ್ನೂ ಆರಿಸಿದರು. ಅಡುಗೆಮನೆ ನಿಶ್ಶಬ್ದವಾದಾಗ ಫೋನಿನೊಳಗಿಂದ ಉಸಿರು ಕೇಳಿಸಿತು. ಗಂಟಲಲ್ಲಿ ನೀರು ತುಂಬಿದವರ ಗೊರಗೊರ ಉಸಿರು.

“ಜೀವ ಉಂಟು,” ಎಂದರು ಲೀಲಾಕ್ಷಿ. “ನೀನು ಕಾಲ್ ಕಟ್ ಮಾಡ್ಬೇಡ. ಮಾತಾಡ್ತಾ ಇರು.”

ಫೋನಿನಲ್ಲಿ ಚಾರ್ಜು ಮುಗಿಯುತ್ತ ಬಂದಿತ್ತು. ಶೆಟ್ಟರು ಗ್ರೈಂಡರಿನ ಪ್ಲಗ್ಗು ಕಿತ್ತು ಅಲ್ಲಿ ತಮ್ಮ ಚಾರ್ಜರು ಸಿಕ್ಕಿಸಿದರು. ಹೋಟೆಲಿನ ವೈಫೈ ಮೇಲೆ ನಡೆಯುತ್ತಿದ್ದ ಕಾಲ್ ಅದು. ಫೋನು ಹಿಡಿದು ಹೊರಗೆ ಓಡುವಂತೆಯೂ ಇರಲಿಲ್ಲ. ಓಡಿ ಹೋಗುವುದಾದರೂ ಎಲ್ಲಿಗೆ? ನಡುವೆ ಸಮುದ್ರವಿತ್ತು.

ಅಲ್ಲಿ ಬೇರೆ ಯಾರ ನಂಬರ್ ಇದೆ ಎಂದು ಶೆಟ್ಟರು ಕೇಳಿದರು. ಇರಲಿಲ್ಲ. ಕಂಪನಿಯ ಹೆಸರು ಕೇಳಿದರು. ಹೋದ ವರ್ಷ ಒಬ್ಬ ಗುತ್ತಿಗೆದಾರ ಇವನನ್ನು ಇನ್ನೊಬ್ಬನಿಗೆ ದಾಟಿಸಿದ್ದ, ಹೊಸ ಹೆಸರು ಅವಳು ಕೇಳಿರಲಿಲ್ಲ. ಒಂದೇ ಕೋಣೆಯ ದತ್ತು ಬೀದರ ಕಡೆಯವನು ಎಂದು ಗೊತ್ತಿತ್ತು. ಅವನ ಮುಖ ಗೊತ್ತಿತ್ತು, ಅವನ ಮಕ್ಕಳ ಹೆಸರು ಗೊತ್ತಿತ್ತು. ಅವನ ನಂಬರ್ ಯಾಕೆ ಬೇಕಿತ್ತು? ಬೇಕೆಂದಾಗ ಮಹೇಶನ ಹಿಂದಿನಿಂದ ಇಣುಕಿ ತಾನೇ ಮಾತಾಡುತ್ತಿದ್ದ. ಒಮಾನಿನಲ್ಲಿ ವಿಡಿಯೋ ಕಾಲಿಗೆ ನಡೆಯುವ ಆ್ಯಪಿನಲ್ಲಿ ಗಂಡನದ್ದೂ ನಂಬರ್ ಕಾಣುತ್ತಿರಲಿಲ್ಲ. ಒಂದು ಫೋಟೋ, ಪಕ್ಕದಲ್ಲಿ ಹೆಸರು, ಅಷ್ಟೆ.

ಒಂದೇ ಒಂದು ನಂಬರ್ ಅವಳಿಗೆ ಬಾಯಿಪಾಠವಿತ್ತು. ಹದಿನೆಂಟು ವರ್ಷದ ಹಿಂದೆ ಅವನು ಮೊದಲ ಸಲ ಹೋದಾಗ, ಇದೇ ಓಣಿಯ ಐಎಸ್‌ಡಿ ಬೂತಿನಲ್ಲಿ ಅವಳು ನಿಂತು ತಿಂಗಳಿಗೊಮ್ಮೆ ತಿರುಗಿಸುತ್ತಿದ್ದ ನಂಬರ್. ಆ ಕಡೆ ಕ್ಯಾಂಪಿನ ಕಾವಲುಗಾರ ಎತ್ತುತ್ತಿದ್ದ. ಇವಳ ದನಿ ಕೇಳಿದರೆ ಸಾಕು, ಹೆಸರು ಕೂಗಿ ಅವನನ್ನು ಕರೆಯುತ್ತಿದ್ದ. ಮೂರು ನಿಮಿಷದ ಮಾತಿಗೆ ನಾಲ್ಕು ಜನ ನಡುವೆ ಇರುತ್ತಿದ್ದರು, ಕ್ಯಾಂಪಿನ ಯಾವ ಕೋಣೆಯಲ್ಲಿ ಯಾರಿದ್ದಾರೆ ಎಂದು ಎಲ್ಲರಿಗೂ ತಿಳಿದಿರುತ್ತಿತ್ತು. ಅವಳು ಆ ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿದಳು. ಶೆಟ್ಟರು ಒತ್ತಿದರು. ಈ ನಂಬರಿಗೆ ವಿದೇಶಕ್ಕೆ ಕರೆ ಮಾಡುವ ಸೌಲಭ್ಯವಿಲ್ಲ ಎಂದು ಒಂದು ಹೆಣ್ಣುದನಿ ಮರಾಠಿಯಲ್ಲಿ ಹೇಳಿತು. ಲೀಲಾಕ್ಷಿಯ ಫೋನೂ ಅದನ್ನೇ ಹೇಳಿತು. ಚಹಾ ಕುಡಿಯುತ್ತಿದ್ದ ಇಬ್ಬರು ಗಿರಾಕಿಗಳು ತಮ್ಮ ಫೋನು ಕೊಟ್ಟರು; ಅವರಿಗೂ ಅದೇ ಉತ್ತರ. ಬೂತು ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಿದ್ದರು.

ಭುವನೇಶ್ವರಿ ಫ್ಯಾನಿನತ್ತಲೇ ನೋಡುತ್ತಿದ್ದಳು. ಬಾಯಿಗೆ ಬಂದದ್ದನ್ನೆಲ್ಲ ಆಡುತ್ತಿದ್ದಳು. ಮಗಳು ಆರತಿಯ ಪರೀಕ್ಷೆಯ ಮಾತು, ಊರಿನಲ್ಲಿರುವ ಅವ್ವನ ಮೊಣಕಾಲು ನೋವಿನ ಮಾತು. ಮಾತು ಖಾಲಿಯಾದಾಗ ಬೈದಳು. ಬೈಗುಳ ಖಾಲಿಯಾದಾಗ ಬರೀ ಏಳ್ರೀ, ಏಳ್ರೀ ಎಂದಳು.

ಆಗ ಲೀಲಾಕ್ಷಿಗೆ ತಮ್ಮ ಅಣ್ಣನ ಮಗ ಸುಹಾಸನ ನೆನಪಾಯಿತು. ಅವನಿದ್ದದ್ದು ಮಸ್ಕತ್ತಿನಲ್ಲಿ, ಸೋಹಾರಿನಿಂದ ಎರಡು ತಾಸಿನ ದಾರಿ. ಅವರ ಫೋನಿನ ಅದೇ ಆ್ಯಪಿನಲ್ಲಿ ಅವನು ಎರಡೇ ರಿಂಗಿಗೆ ಸಿಕ್ಕ. ಶೆಟ್ಟರು ಬಾಯಿಪಾಠದ ಆ ನಂಬರನ್ನು ಅವನಿಗೆ ಕೊಟ್ಟರು. ಅಲ್ಲಿಂದ ಅವನು ಹಚ್ಚಿ ನೋಡಿದ. ಅಂಥ ನಂಬರೇ ಇಲ್ಲ ಎಂದು ಬಂತು.

“ಆಂಬುಲೆನ್ಸ್ ಕಳಿಸ್ಬಹುದು. ಎಲ್ಲಿಗೆ ಅಂತ ಹೇಳ್ಬೇಕಲ್ಲ? ಏರಿಯಾ ಯಾವುದು? ಹತ್ರ ಏನುಂಟು?” ಎಂದು ಸುಹಾಸ ಕೇಳಿದ.

ಅವಳು ಹೇಳತೊಡಗಿದಳು. ಗೇಟಿಗೆ ನೀಲಿ ಬಣ್ಣ. ಗೇಟಿನಾಚೆ ಪೆಟ್ರೋಲ್ ಬಂಕು. ಬಂಕು ದಾಟಿದರೆ ಒಬ್ಬ ಮಲಯಾಳಿಯ ಚಹಾದಂಗಡಿ, ಬೋರ್ಡಿನ ಮೇಲೆ ನವಿಲು. ಗಂಡ ಎಷ್ಟೋ ಸಲ ಫೋನು ಹಿಡಿದು ಆ ದಾರಿಯಲ್ಲಿ ಅವಳನ್ನು ಕರೆದೊಯ್ದಿದ್ದ. ಅಲ್ಲಿನ ತಿರುವೊಂದೊಂದೂ ಅವಳಿಗೆ ಗೊತ್ತಿತ್ತು.

“ಅದೇ, ಆ ಜಾಗದ ಹೆಸರು?”

“ಎಲ್ಲಾ ನೋಡೀನ್ರೀ. ಒಂದರ ಹೆಸರೂ ಗೊತ್ತಿಲ್ರೀ,” ಎಂದು ಅವಳು ಮೊದಲ ಸಲ ಅತ್ತಳು.

ಫೋಟೋ ಏನಾದರೂ ಕಳಿಸಿದ್ದಾನಾ ಎಂದು ಲೀಲಾಕ್ಷಿ ಕೇಳಿದರು. ಕಳಿಸಿದ್ದ, ನೂರಾರು. ಎಲ್ಲ ಇದ್ದದ್ದು ಇದೇ ಫೋನಿನಲ್ಲಿ. ಫೋಟೋ ತೆಗೆಯಲು ಹೋಗಿ ಕಾಲ್ ತಪ್ಪಿದರೆ ಆ ಕೋಣೆಗೆ ಮತ್ತೆ ಹೋಗುವ ದಾರಿಯೇ ಇಲ್ಲ. ಎತ್ತಲು ಅಲ್ಲಿ ಯಾರಿದ್ದಾರೆ? ಅವಳು ಬೆರಳು ಮುಂದೆ ತಂದಳು, ಹಿಂದೆ ತೆಗೆದಳು. ಉಸಿರಿನ ಸದ್ದು ಈಗ ಬಿಟ್ಟು ಬಿಟ್ಟು ಬರುತ್ತಿತ್ತು. ಈರುಳ್ಳಿಯ ಕೈಯನ್ನು ಸೀರೆಗೆ ಒರೆಸಿಕೊಂಡು ಒತ್ತಿಯೇ ಬಿಟ್ಟಳು. ಕೋಣೆ ಕುಗ್ಗಿ ಪರದೆಯ ಮೂಲೆಗೆ ಸರಿಯಿತು. ಬೆರಳುಗುರಿನಷ್ಟು ಚೌಕದಲ್ಲಿ ಫ್ಯಾನು ತಿರುಗುತ್ತಲೇ ಇತ್ತು.

ಬಕ್ರೀದಿನ ರಜೆಯ ಫೋಟೋ ಸಿಕ್ಕಿತು. ಮಹೇಶ ಹೊಸ ಅಂಗಿ ತೊಟ್ಟು, ಕೈಯಲ್ಲಿ ಚಹಾ ಹಿಡಿದು ನಿಂತಿದ್ದ. ತಲೆಯ ಮೇಲೆ ನವಿಲು, ನವಿಲಿನ ಕೆಳಗೆ ಅರಬ್ಬಿ ಅಕ್ಷರ, ಅದರ ಕೆಳಗೆ ಬಿಸಿಲಿಗೆ ಅರ್ಧ ಮಾಸಿದ ಫೋನ್ ನಂಬರ್. ಶೆಟ್ಟರು ಅದನ್ನು ತಮ್ಮ ಫೋನಿನಲ್ಲಿ ತೆಗೆದು ಸುಹಾಸನಿಗೆ ಕಳಿಸಿದರು. ಕೊನೆಯ ಅಂಕಿ ಮೂರೋ ಎಂಟೋ ತಿಳಿಯುವಂತಿರಲಿಲ್ಲ. ಮೂರಕ್ಕೆ ಯಾರೋ ಹೆಂಗಸು ಎತ್ತಿ ಇಟ್ಟಳಂತೆ. ಎಂಟಕ್ಕೆ ಅಂಗಡಿಯವನು ಸಿಕ್ಕ. ಸೇಡಂನ ಮಹೇಶನಾ, ಸಕ್ಕರೆ ಕಮ್ಮಿ ಚಹಾದವನಾ ಎಂದು ಕೇಳಿ, ಜಾಗದ ಹೆಸರು ಹೇಳಿ, ಫೋನು ಇಟ್ಟು ಓಡಿದನಂತೆ. ಸುಹಾಸ ಆಂಬುಲೆನ್ಸಿಗೆ ಹೇಳಿದ.

ಆಮೇಲಿನ ಹೊತ್ತು ಕಳೆಯಲಾರದಷ್ಟು ಉದ್ದವಿತ್ತು. ಕೊನೆಗೆ ಫೋನಿನೊಳಗೆ ಬಾಗಿಲು ಬಡಿದ ಸದ್ದು. ಒಳಗಿನಿಂದ ಚಿಲಕ ಹಾಕಿತ್ತು. “ತೋಡೋ ಭಾಯಿ, ತೋಡೋ,” ಎಂದು ಭುವನೇಶ್ವರಿ ಬಾಗಿಲು ಒಡೆಯಲು ಹಿಂದಿಯಲ್ಲಿ ಕೂಗಿದಳು. ಬಾಗಿಲು ಮುರಿಯಿತು. ಕಾಲುಗಳು, ಲುಂಗಿ, ಅರ್ಥವಾಗದ ಮಾತು. ಒಂದು ಗಡ್ಡದ ಮುಖ ಪರದೆಯ ಮೇಲೆ ಬಾಗಿ ಅವಳನ್ನು ನೋಡಿ ಬೆಚ್ಚಿತು. “ಸಾನ್ಸ್ ಹೈ, ಬೆಹನ್,” ಎಂದು ಉಸಿರಿರುವುದನ್ನು ಹೇಳಿತು. ಅಷ್ಟರಲ್ಲಿ ಯಾರದೋ ಕಾಲು ತಗುಲಿ ಕಾಲ್ ಹೋಯಿತು.

ಬಿದ್ದಾಗಿನಿಂದ ಆಸ್ಪತ್ರೆ ಮುಟ್ಟುವವರೆಗೆ ಎರಡೂವರೆ ತಾಸು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದು ತಾಸು ಮೊದಲು ತಂದಿದ್ದರೆ ಬಲಗೈ ಉಳಿಯುತ್ತಿತ್ತೇನೋ, ಮಾತೂ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಸುಹಾಸನಿಗೆ ಹೇಳಿದರಂತೆ. ಅವನು ಅದನ್ನು ಲೀಲಾಕ್ಷಿಗೆ ಹೇಳಿದ. ಅವರು ಭುವನೇಶ್ವರಿಗೆ ಹೇಳದೆ ಒಂದು ವಾರ ಇಟ್ಟುಕೊಂಡರು.

ಏಳು ವಾರದ ಮೇಲೆ ದತ್ತು ಅವನನ್ನು ಗಾಲಿಕುರ್ಚಿಯಲ್ಲಿ ಪುಣೆಗೆ ಕರೆತಂದ. ಮಾತು ಒಂದೊಂದೇ ಮರಳಿತು. ಮೊದಲು ನೀರು, ಆಮೇಲೆ ಆರತಿ, ಆಮೇಲೆ ಬೇಡ. ಭುವನೇಶ್ವರಿ ಹೋಟೆಲಿನಲ್ಲಿ ಅರ್ಧ ದಿನ ಮಾತ್ರ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅವನಿಗೆ ಅಂಬಲಿ ಕುಡಿಸುವಾಗ, ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಕೇಳಿದಳು: ಅವತ್ತು ತನ್ನ ದನಿ ಅವನಿಗೆ ಕೇಳುತ್ತಿತ್ತೇ?

ಸುಳ್ಳು ಹೇಳಲು ಬೇಕಾದಷ್ಟು ಮಾತು ಅವನಲ್ಲಿ ಇನ್ನೂ ಇರಲಿಲ್ಲ.

“ಇಲ್ಲ,” ಎಂದ.

ತನ್ನ ದನಿಯೇ ಅವನ ಜೀವ ಹಿಡಿದಿತ್ತು ಎಂದು ಅವಳು ನಂಬಿಕೊಂಡಿದ್ದಳು. ಸೆರಗಿನಿಂದ ಅವನ ಬಾಯಿ ಒರೆಸಿ, ಇರಲಿ ಬಿಡ್ರೀ ಎಂದು ಬಟ್ಟಲು ಎತ್ತಿಕೊಂಡಳು. ಅವನು ಎಡಗೈಯಿಂದ ಅವಳ ಮುಂಗೈ ಹಿಡಿದ. ತುಟಿ ಒಂದೆಡೆಗೆ ಎಳೆಯಿತು.

“ಅವತ್ತು... ಏನ್... ಅಂದಿ?”

ಅವಳು ಬಟ್ಟಲನ್ನು ಕೆಳಗಿಟ್ಟು, ಅವನಿಗೆ ಕೇಳುವಷ್ಟು ಹತ್ತಿರ ಸರಿದು ಕುಳಿತಳು.