ಚಂದ್ರಿಯ ಕಲಗಚ್ಚು

ಬಸ್ತಿಹಳ್ಳಿ ಬೀದಿಯಲ್ಲಿ ಪಂಚಾಯಿತಿಯ ಕಸದ ಗಾಡಿ ಓಡಿಸುವ ಲತಾಮಣಿಗೆ ಆ ಶನಿವಾರ ಎದ್ದಾಗಿನಿಂದಲೂ ಸಂಕಟ. ಗಾಡಿ ಓಡಿಸುವುದರ ಜೊತೆಗೆ ಮನೆಮನೆಯ ಕಸದ ಶುಲ್ಕ ವಸೂಲಿ ಮಾಡುವುದೂ ಅವಳದೇ ಕೆಲಸ. ವರ್ಷ ಮೀರಿ ಬಾಕಿ ಉಳಿಸಿಕೊಂಡವರ ಹೆಸರನ್ನು ಸೋಮವಾರ ಪಂಚಾಯಿತಿ ಬಾಗಿಲ ಬೋರ್ಡಿಗೆ ಹಾಕುತ್ತೇವೆಂದು ಕಾರ್ಯದರ್ಶಿಗಳು ಹೇಳಿಬಿಟ್ಟಿದ್ದರು. ಅವಳ ಚೀಟಿಯಲ್ಲಿ ಉಳಿದಿದ್ದು ಒಂದೇ ಹೆಸರು, ಶೀಲಾವತಮ್ಮನವರದು.

ಶೀಲಾವತಮ್ಮ ಜಿಪುಣಿಯಲ್ಲ. ಬಸದಿಯ ಪೂಜೆಗೆ ಧಾರಾಳವಾಗಿ ಕೊಡುವವರು, ಅಂಗಡಿಯಲ್ಲಿ ಒಂದು ದಿನ ಸಾಲ ಹೇಳಿದವರಲ್ಲ. ಬೋರ್ಡಿನಲ್ಲಿ ಹೆಸರು ಬಂದರೆ ಆಮೇಲೆ ಬೀದಿಗೆ ಮುಖ ತೋರಿಸುವವರೂ ಅಲ್ಲ. ತಮಾಷೆಯೆಂದರೆ, ಅವರು ಹದಿನಾಲ್ಕು ತಿಂಗಳು ದುಡ್ಡು ಕಟ್ಟದೆ ಉಳಿದಿದ್ದಕ್ಕೆ ಕಾರಣ ಲತಾಮಣಿಯೇ.

ಕಸಕ್ಕೆ ಬೆಲೆಯಿದ್ದ ಕಾಲವೊಂದಿತ್ತು. ಆಗ ಲತಾಮಣಿಯ ಅವ್ವ ಲಕ್ಕಮ್ಮ ಶೀಲಾವತಮ್ಮನವರ ಮನೆಯ ಕಾಂಪೌಂಡಿನ ಮೇಲೆ ತನ್ನದೊಂದು ಸೊಟ್ಟ ಅಲ್ಯೂಮಿನಿಯಂ ಪಾತ್ರೆ ಇಟ್ಟಿದ್ದಳು. ಅಕ್ಕಿ ತೊಳೆದ ನೀರು, ಬಾಳೆಕಾಯಿ ಸಿಪ್ಪೆ, ಹೀರೆಕಾಯಿ ಹೆರೆದದ್ದು ಎಲ್ಲ ಅದಕ್ಕೆ ಬೀಳುತ್ತಿತ್ತು. ಆ ಕಲಗಚ್ಚನ್ನು ಹೊತ್ತು ತಂದು ಎಮ್ಮೆ ಚಂದ್ರಿಗೆ ಕುಡಿಸುವಳು. ಪಾತ್ರೆ ಕಂಡರೆ ಸಾಕು, ಚಂದ್ರಿ ಗೂಟ ಕಿತ್ತುಕೊಂಡು ಬರುವಂತೆ ಆಡುತ್ತಿತ್ತು. ಅದಕ್ಕೆ ಬದಲಾಗಿ ಹಬ್ಬದ ಹಿಂದಿನ ದಿನ ಅಂಗಳ ಸಾರಿಸಲು ಒಂದು ಮಂಕರಿ ಸಗಣಿ. ಬಿಲ್ಲಿಲ್ಲ, ರಸೀತಿಯಿಲ್ಲ. ಹಾಗಂತ ಆ ಕಾಲವೆಲ್ಲ ಚೆಂದವಿತ್ತು ಎನ್ನಲು ಲತಾಮಣಿಗೆ ಮನಸ್ಸಾಗದು. ಅವ್ವ ಒಂದು ದಿನವೂ ಆ ಗೇಟು ದಾಟಿದವಳಲ್ಲ. ಆದರೂ ಅವ್ವನ ಸೆರಗು ಹಿಡಿದು ಅಲ್ಲಿ ನಿಂತಿದ್ದ ಬೆಳಗುಗಳು ನೆನಪಾದರೆ ಇವಳ ಕಣ್ಣು ತುಂಬುತ್ತದೆ.

ಲತಾಮಣಿ ಮೊದಲ ಸಲ ಗಾಡಿ ತಂದು ನಿಲ್ಲಿಸಿದ ದಿನ, ಜಗಲಿಯಿಂದ ಶೀಲಾವತಮ್ಮ ಕೇಳಿದ್ದರು, ಚಂದ್ರಿ ಹೇಗಿದೆ ಎಂದು. ಅವ್ವ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು. ಅವ್ವನ ಆಸ್ಪತ್ರೆ ಖರ್ಚಿಗೆ ಎಮ್ಮೆಯನ್ನು ಅರಸೀಕೆರೆ ಸಂತೆಯಲ್ಲಿ ಮಾರಿದ್ದು ಗೊತ್ತಿರಲಿಲ್ಲ. ಅವ್ವನ ಮನೆ, ಅವ್ವನ ಹಟ್ಟಿ ಎಂದು ವಿಚಾರಿಸುವವರು ಆ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಲತಾಮಣಿ ಚೆನ್ನಾಗೈತೆ ಅಂದುಬಿಟ್ಟಳು. ಮಾರನೇ ದಿನದಿಂದ, ಅವರು ಎತ್ತಿಟ್ಟಿದ್ದ ಅವ್ವನ ಅದೇ ಸೊಟ್ಟ ಪಾತ್ರೆ ಕಾಂಪೌಂಡಿನ ಮೇಲೆ ಹಾಜರು. ದಿನಾ ಅದೇ ಪ್ರಶ್ನೆ, ಅದೇ ಉತ್ತರ. ದೀಪಾವಳಿಗೆ ತನ್ನ ಪಕ್ಕದ ಮನೆ ಮುದ್ದಮ್ಮನ ಕೊಟ್ಟಿಗೆಯಿಂದ ಸಗಣಿ ಬೇಡಿ ತಂದು ಕೊಟ್ಟದ್ದೂ ಆಯಿತು. ಇನ್ನು ಬಿಲ್ಲು ಕೊಟ್ಟರೆ ಅವರು ನಗದೆ ಇರುತ್ತಾರೆಯೇ? ನಮ್ಮನೇಲಿ ಕಸ ಎಲ್ಲಿದೆ, ಎಲ್ಲ ನಿನ್ನ ಎಮ್ಮೆಗೇ ಹೋಗುತ್ತಲ್ಲ ಎನ್ನುತ್ತಿದ್ದರು.

ತಾನೇ ಕಟ್ಟಿಬಿಡೋಣವೆಂದುಕೊಂಡಳು. ಆದರೆ ಈ ತಿಂಗಳು ಕಟ್ಟಿದರೆ ಮುಂದಿನ ತಿಂಗಳು ಮತ್ತೆ ಅದೇ ಪಾಡು. ಸುಳ್ಳಿಗೆ ಎಷ್ಟು ದಿನ ಕಂತು ಕಟ್ಟುವುದು?

ಗಾಡಿಯ ಮೈಕು ಬಂದ್ ಮಾಡಿ ಇಳಿದಳು. ಎಂದಿನಂತೆ ಪ್ರಶ್ನೆ ಬಂತು. ಲತಾಮಣಿ ಗೇಟಿನ ಸರಳು ಹಿಡಿದುಕೊಂಡಳು.

"ಚಂದ್ರಿ ಇಲ್ಲ ಅಮ್ಮಾವ್ರೇ. ಅವ್ವ ಹೋಗಕ್ಕೆ ಮುಂಚೇನೇ ಮಾರ್ಬಿಟ್ವಿ. ನೀವು ಇಟ್ಟಿದ್ನೆಲ್ಲ ಈ ಗಾಡಿಗೇ ಸುರೀತಿದ್ದೆ."

ಶೀಲಾವತಮ್ಮ ಹಾಗಾದರೆ ದೀಪಾವಳಿ ಸಗಣಿ ಯಾರದು ಎಂದು ಕೇಳಿದರು. ಮುದ್ದಮ್ಮನ ಮನೆಯದು ಎಂದಳು.

"ನಿಂಬೆಸಿಪ್ಪೆ ಅದಕ್ಕೆ ಆಗಲ್ಲ ಅಂತ ಲಕ್ಕಿ ಹೇಳಿದ್ಲು. ದಿನಾ ಆರಿಸಿ ಆರಿಸಿ ತೆಗೆದೆನಲ್ಲೇ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮಾತಿಗೆ ಲತಾಮಣಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. ಬೋರ್ಡಿನ ವಿಷಯವನ್ನು ಹೇಗೋ ತೊದಲಿ ಮುಗಿಸಿದಳು. ಅವರು ಎದ್ದು ಬಂದು ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು. ತಿರುಗಿ ಬರುವಾಗ ಒಂದು ಕೈಯಲ್ಲಿ ಹದಿನಾಲ್ಕು ತಿಂಗಳ ದುಡ್ಡು, ಇನ್ನೊಂದರಲ್ಲಿ ಹುಣಸೆಹಣ್ಣು ಹಚ್ಚಿ ಬೆಳಗಿದ ಆ ಪಾತ್ರೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲಿ ಒಂದು ಅಚ್ಚು ಬೆಲ್ಲ ಇಟ್ಟಿದ್ದರು. ಗೇಟಿನ ಚಿಲಕ ತಾವೇ ತೆಗೆದು, ರಸೀತಿಯನ್ನು ಜಗಲಿ ಮೇಲೆ ಕೂತು ಬರಿ ಎಂದರು. ಲತಾಮಣಿ ಕೂತು ಬರೆದಳು. ಅಕ್ಷರ ಸೊಟ್ಟಪಟ್ಟ ಬಂದವು.

ಶೀಲಾವತಮ್ಮನವರ ಹೆಸರು ಬೋರ್ಡಿಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಾಂಪೌಂಡಿನ ಮೇಲೆ ಪಾತ್ರೆಯಿರಲಿಲ್ಲ, ಗೇಟಿನ ಹತ್ತಿರ ಪಂಚಾಯಿತಿಯ ಎರಡು ಬಕೆಟ್ ಇದ್ದವು. ಜಗಲಿಯಲ್ಲಿ ಶೀಲಾವತಮ್ಮ ಕೂತಿದ್ದರು, ಏನೂ ಕೇಳಲಿಲ್ಲ. ಕೇಳುವುದಕ್ಕೆ ಇನ್ನೇನಿದೆ? ದಿನದ ಆ ಪ್ರಶ್ನೆಯನ್ನಲ್ಲವೇ ತಾನು ಕಳೆದುಕೊಳ್ಳಲು ಹೆದರಿದ್ದು ಎಂದುಕೊಂಡು ಲತಾಮಣಿ ಬಕೆಟ್ ಸುರಿದು, ಗಾಡಿ ಹತ್ತಿ ಕೀಲಿ ತಿರುಗಿಸಿದಳು.

"ಗಾಡಿ ಹೇಗಿದೆಯೇ?" ಜಗಲಿಯಿಂದ ಕೇಳಿತು.

ಲತಾಮಣಿ ಗಾಡಿ ಬಂದ್ ಮಾಡಿ ಜಗಲಿಯತ್ತ ತಿರುಗಿದಳು.

"ಚೆನ್ನಾಗೈತೆ ಅಮ್ಮಾವ್ರೇ," ಎಂದಳು.