ಮಗ್ಗದ ಮೇಲೆ ಉಳಿದ ಮೊಳ

ಗದಗ ಹೊಸ ಜಿಲ್ಲೆಯಾದ ಮರುವರ್ಷ ಊರ ತುಂಬ ಬೋರ್ಡು ಬರೆಯುವ ಸಂಭ್ರಮ. ನಿನ್ನೆಯವರೆಗೆ ತಾಲ್ಲೂಕಿನವಾಗಿದ್ದ ಕಚೇರಿಗಳು ಬೆಳಗಾಗುವುದರೊಳಗೆ ಜಿಲ್ಲಾ ಕಚೇರಿಗಳಾಗಿ ಮೀಸೆ ತಿರುವಿಕೊಂಡು ಕೂತವು. ಇಂಥ ಗದ್ದಲದಲ್ಲಿ ಬೆಟಗೇರಿಯ ಒಂದು ಓಣಿಯ ನೇಕಾರರ ಸಹಕಾರಿ ಸಂಘ ಬಾಗಿಲು ಹಾಕುತ್ತಿದ್ದರೆ ಯಾರಿಗೆ ಅದರ ಪರಿವೆ? ಕರೆಂಟಿನ ಮಗ್ಗ ಬಂದ ಮೇಲೆ ಸದಸ್ಯರು ಒಬ್ಬೊಬ್ಬರೇ ಜಾರಿಕೊಂಡಿದ್ದರು. ಉಳಿದ ಕೆಲವರೇ ಕೂತು, ಕೈ ಎತ್ತಿ, ಸಂಘ ಮುಚ್ಚುವ ಠರಾವು ಪಾಸು ಮಾಡಿದರು. ಸೋಮವಾರ ಶೆಡ್ಡು ಖಾಲಿ ಮಾಡಿಕೊಡಬೇಕು. ಕೈ ಎತ್ತಿದವರಲ್ಲಿ ಯಮನೂರಸಾಬನೂ ಒಬ್ಬ. ಎತ್ತದೆ ಇನ್ನೇನು ಮಾಡುತ್ತಿದ್ದ? ಆದರೆ ಎತ್ತಿದ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆ ಮುಟ್ಟುವ ತನಕ ಒದ್ದಾಡಿದ.

ಶೆಡ್ಡಿನಲ್ಲಿ ಒಂದೇ ಒಂದು ಮಗ್ಗದ ಮೇಲೆ ಇನ್ನೂ ಸೀರೆ ಉಳಿದಿತ್ತು. ಅದು ಸಕ್ರಪ್ಪನ ಮಗ್ಗ. ಸಕ್ರಪ್ಪ ಯಮನೂರಸಾಬನ ಪಕ್ಕದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಜೀವಮಾನವೆಲ್ಲ ನೇಯ್ದವನು. ಈಗ ದಮ್ಮು ಹತ್ತಿ ಹಾಸಿಗೆ ಹಿಡಿದಿದ್ದ. ಅವನಿಗೆ ನೇಯ್ಗೆಯಷ್ಟೇ ಓದಿನ ಹುಚ್ಚು. ಹಿಂದೊಮ್ಮೆ ಗದಗಕ್ಕೆ ಪುಸ್ತಕದ ವ್ಯಾನು ಬಂದಾಗ, ರಷ್ಯಾದಲ್ಲಿ ಸಹಕಾರಿ ಸಂಘಗಳು ಬೆಳೆದ ಕಥೆ ಹೇಳುವ ಒಂದು ನುಣುಪು ಹಾಳೆಯ ಪುಸ್ತಕ ಕೊಂಡು ತಂದಿದ್ದ. ಊಟದ ಹೊತ್ತಿನಲ್ಲಿ ಶೆಡ್ಡಿನವರಿಗೆಲ್ಲ ಅದನ್ನು ಓದಿ ಹೇಳುತ್ತಿದ್ದ. ಕೇಳುವವರು ಇರಲಿ ಬಿಡಲಿ, ಯಮನೂರಸಾಬ ಮಾತ್ರ ಇದ್ದೇ ಇರುತ್ತಿದ್ದ.

“ಕೇಳಲೇ ಯಮನೂರ, ರಾಜಾನ ಮ್ಯಾಲ ತಿರುಗಿ ಬಿದ್ದವರನ್ನ ಸೈಬೀರಿಯಾದ ಜೇಲಿಗೆ ಹಾಕಿದ್ರಂತ. ಅಲ್ಲಿ ಅವರು ಮನಿಯಿಂದ ಬಂದದ್ದನ್ನೆಲ್ಲ ಒಂದ ಕಡಿ ಕೂಡಿಸಿ, ಸಾವಕಾರ ಬಡವ ಅನ್ನದ ಹಂಚಿಕೊಂಡ್ರಂತ. ತಮ್ಮೊಳಗ ಒಬ್ಬ ಹಿರ್ಯಾನ್ನ ಆರಿಸಿದ್ರಂತ. ಅದಕ್ಕ ಆರ್ತೇಲ್ ಅಂತಿದ್ರು.”

“ಜೇಲಿನ್ಯಾಗ ಸಂಘ ಕಟ್ಟಿದ್ರ? ನಾವು ಹೊರಗಿದ್ದು ದಿನಾ ಜಗಳಾಡ್ತೀವಲ್ಲೋ.”

ಬೆಣ್ಣೆ ತೆಗೆಯುವ ಸೈಬೀರಿಯಾದ ರೈತರು ಒಗ್ಗಟ್ಟಾಗಿ ತಮ್ಮ ಬೆಣ್ಣೆಯನ್ನು ಇಂಗ್ಲೆಂಡಿಗೆ ಕಳಿಸಿದ್ದನ್ನು ಸಕ್ರಪ್ಪ ತಾನೇ ಡಬ್ಬಿ ಹೊತ್ತು ಹೋದವನಂತೆ ಹೇಳುತ್ತಿದ್ದ. ಆದರೆ ಪುಸ್ತಕದ ಕೊನೆಗೆ ಬಂದಾಗ ಅವನ ದನಿ ಇಳಿಯುತ್ತಿತ್ತು. ಕೈಕಸುಬಿನವರ ಆರ್ತೇಲುಗಳನ್ನು ಸರ್ಕಾರ ತನ್ನ ಕಾರ್ಖಾನೆಗಳಲ್ಲಿ ಸೇರಿಸಿಕೊಂಡಿತು ಎಂದು ಅಲ್ಲೊಂದು ಸಾಲಿತ್ತು. ಅಷ್ಟೇ, ಮುಂದೆ ಏನೂ ಇಲ್ಲ.

“ಕಡೀ ದಿನ ಅವರು ಏನ್ ಮಾಡಿದ್ರಂತ? ಅವರ ಮಗ್ಗ ಏನಾದ್ವು?” ಎಂದು ಯಮನೂರಸಾಬ ಪ್ರತಿ ಸಲ ಕೇಳುತ್ತಿದ್ದ.

“ಅದನ್ನ ಬರದಿಲ್ಲಲೇ,” ಎಂದು ಸಕ್ರಪ್ಪ ಪುಸ್ತಕ ಮುಚ್ಚುತ್ತಿದ್ದ.

ಈಗ ಮಗ್ಗದ ಮೇಲಿದ್ದ ಸೀರೆ ಸಕ್ರಪ್ಪನ ಹೆಂಡತಿ ರೇಣುಕವ್ವನದು. ಸುತ್ತಲಿನ ಊರುಗಳ ಹೆಣ್ಣುಮಕ್ಕಳೆಲ್ಲ ಅವಳ ಗಂಡ ನೇಯ್ದದ್ದು ಉಟ್ಟರು. ಅವಳ ಪಾಲಿಗೆ ಬಂದದ್ದು ಎಳೆ ತಪ್ಪಿದವು, ಬಣ್ಣ ಹತ್ತಿದವು. ಅವಳಿಗೆಂದೇ ಒಂದು ಹಸಿರು ಸೀರೆ, ಕೆಂಪು ಸೆರಗಿನದು, ನೇಯಬೇಕೆಂದು ಸಕ್ರಪ್ಪ ಕುಣಿಗೆ ಇಳಿದಿದ್ದ. ಸೆರಗು ಶುರುವಾಗುವ ಹೊತ್ತಿಗೆ ಕೆಮ್ಮು ಅವನನ್ನು ಮೇಲೆಬ್ಬಿಸಿತು.

“ಸೆರಗಷ್ಟ ಉಳದೈತಿ, ನೀ ಮುಗಿಸಿ ಕೊಡು,” ಎಂದು ಅವನು ಉಸಿರು ಎಳೆದುಕೊಳ್ಳುತ್ತ ಯಮನೂರಸಾಬನಿಗೆ ಹೇಳಿದ. “ಆಕಿ ಉಟ್ಟದ್ದು ನೋಡಬೇಕು ನಾ. ನೂಲು ಕಡಿಮಿ ಐತಿ. ಕಡೀತನಕ ನೇಯಿ.”

ಶುಕ್ರವಾರದ ನಮಾಜು ಮುಗಿಸಿ ಯಮನೂರಸಾಬ ಗೆಳೆಯನ ಕುಣಿಗೆ ಇಳಿದ. ಭಾನುವಾರ ಸಂಜೆಯವರೆಗೆ ಆ ಖಾಲಿ ಶೆಡ್ಡಿನಲ್ಲಿ ಅವನ ಲಾಳಿಯ ಸದ್ದೊಂದೇ. ಸೆರಗು ಕೆಂಪಗೆ ಬೆಳೆಯಿತು. ಕೈ ನಿಂತಾಗ ನಿಲ್ಲಿಸಿ, ಸೀರೆ ಕತ್ತರಿಸಿ, ಮಡಚಿ ಎದೆಗೊತ್ತಿಕೊಂಡು ಮೇಲೆದ್ದ. ಎದ್ದವನು ಮಗ್ಗದ ಕಡೆ ನೋಡಿ ಹಾಗೇ ನಿಂತುಬಿಟ್ಟ.

ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ಹಿಂದೆ ಒಂದು ಮೊಳಕ್ಕಿಂತ ಹೆಚ್ಚು ಎಳೆಗಳು ನೇಯದೆ ಉಳಿದಿದ್ದವು.

ಯಾವ ನೇಕಾರನೂ ನೂಲನ್ನು ಕೊನೆಯ ತನಕ ನೇಯುವುದಿಲ್ಲ. ಮೊಳದಷ್ಟನ್ನು ಮಗ್ಗದ ಮೇಲೆ ಬಿಡುತ್ತಾನೆ. ಅದರ ತುದಿಗೆ ಹೊಸ ನೂಲನ್ನು ಎಳೆ ಎಳೆಯಾಗಿ ಗಂಟು ಹಾಕಿದರೆ ಮುಂದಿನ ಸೀರೆ ಶುರುವಾಗುತ್ತದೆ. ಅಪ್ಪ ಕಲಿಸಿದ್ದು ಅದನ್ನೇ, ಕೈ ಕಲಿತದ್ದೂ ಅದನ್ನೇ. ಇನ್ನು ಗಂಟು ಹಾಕುವವರು ಯಾರೂ ಇಲ್ಲವೆಂದು ಕೈಗೆ ಯಾರು ಹೇಳಬೇಕಿತ್ತು? ಕತ್ತರಿಸಿದ ಸೀರೆಯನ್ನು ಮತ್ತೆ ಮಗ್ಗಕ್ಕೆ ಹೂಡಲು ಬರುವುದಿಲ್ಲ. ಯಮನೂರಸಾಬ ಕುಣಿಯ ದಂಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಸೋಮವಾರ ಹಿರೇವಡ್ಡಟ್ಟಿಯ ಕಟ್ಟಿಗೆ ವ್ಯಾಪಾರಿಯ ಟ್ರ್ಯಾಕ್ಟರು ಬಂದು ಮಗ್ಗಗಳನ್ನು ಹೇರಿಕೊಂಡಿತು. ಸಕ್ರಪ್ಪನ ಮಗ್ಗದಿಂದ ಎಳೆಗಳು ಜೋತಾಡುತ್ತಿದ್ದವು.

“ನೂಲು ಬೇಕೇನ್ರಿ ಸಾಹೇಬ್ರ? ಹರಕೊಳ್ರಿ,” ಎಂದ ಚಾಲಕ.

“ಬ್ಯಾಡಪಾ. ಇರ್ಲಿ.”

ಅಲ್ಲಿಂದ ಯಮನೂರಸಾಬ ಸೀರೆ ಹಿಡಿದು ನೆಟ್ಟಗೆ ಸಕ್ರಪ್ಪನ ಮನೆಗೆ ಹೋದ. ರೇಣುಕವ್ವ ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದಳು. ಗಂಡನ ಮುಂದೆ, ಗಂಡನ ಗೆಳೆಯನ ಮುಂದೆ ನಿಲ್ಲಬೇಕಲ್ಲ, ಸೆರಗನ್ನು ತಲೆಗೆ ಎಳೆದಳು. ಭುಜ ದಾಟಿ ಬಂದ ಸೆರಗು ಕಿವಿಯ ಹತ್ತಿರವೇ ನಿಂತಿತು. ಮತ್ತೆ ಎಳೆದಳು.

“ತಲಿಗೆ ಬರವಲ್ದು ಯಮನೂರಣ್ಣಾ,” ಎಂದಳು, ತನ್ನದೇ ಏನೋ ತಪ್ಪಾದಂತೆ.

ಸಕ್ರಪ್ಪ ಅವಳನ್ನು ಹತ್ತಿರ ಕರೆದು ಸೆರಗಿನ ತುದಿಯನ್ನು ಬೆರಳಿನಿಂದ ಸವರಿದ. ನೇಕಾರನ ಬೆರಳಿಗೆ ಎಲ್ಲ ತಿಳಿಯಿತು.

“ಬಿಟ್ಟು ಬಂದಿ ಹೌದಿಲ್ಲೋ?”

“ಕೈ ನಿಂತಬಿಡ್ತೋ. ನಾ ಏನ್ ಮಾಡ್ಲಿ.”

“ನಾ ಇದ್ರೂ ಅಷ್ಟ ಬಿಡತಿದ್ದೆ,” ಎಂದು ಸಕ್ರಪ್ಪ ಕಣ್ಣು ಮುಚ್ಚಿಕೊಂಡ. ಹಾಗೇ ಕೇಳಿದ, “ಈಗ ಎಲ್ಲೈತಿ ಅದು?”

“ಮಗ್ಗದ ಮ್ಯಾಲ ಐತಿ.”

ಅದು ಸುಳ್ಳಲ್ಲ. ಮಗ್ಗ ಎಲ್ಲಿದೆ ಎಂಬುದನ್ನಷ್ಟೇ ಅವನು ಹೇಳಲಿಲ್ಲ.

“ಆ ರಷ್ಯಾದವರೂ ಕಡೀ ದಿನ ಹಿಂಗ ಬಿಟ್ಟಿರಬೇಕಲೇ,” ಎಂದ ಸಕ್ರಪ್ಪ. “ಯಾರರ ಬಂದು ಗಂಟು ಹಾಕತಾರ ಅಂತ.”

ಅವನು ಆ ವಾರ ದಾಟಲಿಲ್ಲ. ಹೆಣದ ಪಕ್ಕದಲ್ಲಿ ರೇಣುಕವ್ವ ಅದೇ ಸೀರೆ ಉಟ್ಟು ಕೂತಿದ್ದಳು. ಬೇರೆ ಉಡು ಎಂದರೆ ಕೇಳಲಿಲ್ಲ. ಓಣಿಯ ಹಿರಿಯರು ಬಂದಾಗಲೆಲ್ಲ ಒಂದು ಕೈಯಿಂದ ಸೆರಗನ್ನು ತಲೆಗೆ ಎಳೆದು ಹಿಡಿದುಕೊಳ್ಳುತ್ತಿದ್ದಳು. ಹೊರಡುವ ಹೊತ್ತಾಯಿತೆಂದು ಗಂಡಸರು ಎದ್ದರು. ಅವಳು ಎರಡೂ ಕೈ ಚಾಚಿ ಗಂಡನ ಮುಖ ಹಿಡಿದುಕೊಂಡಳು, ಸೆರಗು ಜಾರಿ ಭುಜದ ಮೇಲೆ ಬಿತ್ತು. ಚಟ್ಟಕ್ಕೆ ಹೆಗಲು ಕೊಡಲು ಬಂದಿದ್ದ ಯಮನೂರಸಾಬ ಬಾಗಿಲಲ್ಲಿ ನಿಂತು ಅವಳ ಬರಿದಾದ ತಲೆಯನ್ನು ನೋಡಿದ.